ಮುರಿದ ಬ್ಯಾಂಡುಗಳು ಮತ್ತೆ ಕೂಡಿದ ಬಗೆ

ಒಡೆದುಹೋದ ರಾಕ್ ಬ್ಯಾಂಡೊಂದು ವರ್ಷಗಳ ನಂತರ ಮತ್ತೆ ಒಟ್ಟಾಗಿ ವೇದಿಕೆ ಹತ್ತುವ ರೂಢಿ ರಾಕ್ ಸಂಗೀತದಷ್ಟು ಹಳೆಯದಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ, 1960ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರ ಕೈಯಲ್ಲಿ ನಾಲ್ಕೈದು ಜನರ ಬ್ಯಾಂಡಾಗಿ ರೂಪ ತಳೆದ ಈ ಸಂಗೀತವನ್ನು ಆಗ ಯಾರೂ ಜೀವಮಾನದ ಕಸುಬು ಎಂದು ಎಣಿಸಿರಲಿಲ್ಲ. ಹಾಡುಗಳು ಒಂದೆರಡು ವರ್ಷ ಓಡುತ್ತವೆ, ಆಮೇಲೆ ಹುಡುಗರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ ಎಂಬುದೇ ರೆಕಾರ್ಡ್ ಕಂಪನಿಗಳ ಎಣಿಕೆಯಾಗಿತ್ತು. ಮುರಿದ ಬ್ಯಾಂಡು ಮತ್ತೆ ಕೂಡಬೇಕಾದರೆ ಅದನ್ನು ನೆನೆಯುವ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ನಡುವಯಸ್ಸಿನ ಕೇಳುಗರು ಇರಬೇಕು. ಅಂಥ ಕೇಳುಗರು ತಯಾರಾಗಲು ಸುಮಾರು ಎರಡು ದಶಕ ಹಿಡಿಯಿತು.

ಕೇಳುಗರ ಪಾಲಿಗೆ ಬ್ಯಾಂಡ್ ಎಂದರೆ ಗೆಳೆಯರ ಗುಂಪು. ಕಾನೂನಿನ ಕಣ್ಣಿಗೆ ಅದು ಪಾಲುದಾರಿಕೆಯ ವ್ಯಾಪಾರ. ಅದು ಒಡೆದಾಗ, ಕೂಡು ಕುಟುಂಬ ಹಿಸ್ಸೆಯಾಗುವಾಗ ಏಳುವ ಪ್ರಶ್ನೆಗಳೇ ಏಳುತ್ತವೆ: ಮನೆತನದ ಹೆಸರು ಯಾರಿಗೆ, ಹುಟ್ಟುವಳಿಯಲ್ಲಿ ಯಾರಿಗೆಷ್ಟು, ತೀರಿಹೋದವನ ಜಾಗದಲ್ಲಿ ಕೂರುವವರು ಯಾರು? ಯಾವ ಬ್ಯಾಂಡು ಮತ್ತೆ ಕೂಡಿತು, ಯಾವುದು ಕೂಡಲಿಲ್ಲ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಈ ಮೂರು ಪ್ರಶ್ನೆಗಳು ಬಗೆಹರಿದ ರೀತಿಯೇ ಹೊರತು ಒಬ್ಬರನ್ನೊಬ್ಬರು ಕಂಡರಾಗದ ಸಿಟ್ಟಲ್ಲ. ಪತ್ರಿಕೆಗಳಿಗೆ ಮಾತ್ರ ಇಂದಿಗೂ ಸಿಟ್ಟಿನ ಕಥೆಯೇ ರುಚಿ.

ಹೆಸರಿನ ತಗಾದೆ ಬೇಗನೆ ತಲೆ ಎತ್ತಿತು. ಇಂಗ್ಲೆಂಡಿನ ಜಾಂಬೀಸ್ ಬ್ಯಾಂಡು 1967ರ ಕೊನೆಯಲ್ಲಿ ಒಡೆದ ಮೇಲೆ, ಅವರ ‘ಟೈಮ್ ಆಫ್ ದಿ ಸೀಸನ್’ ಹಾಡು 1969ರಲ್ಲಿ ಅಮೆರಿಕದಲ್ಲಿ ಭಾರಿ ಜನಪ್ರಿಯವಾಯಿತು. ಹಾಡಿಗೆ ಬೇಡಿಕೆ ಇದೆ, ಹಾಡಿದವರು ಮಾತ್ರ ಇಲ್ಲ. ಆ ತೆರವನ್ನು ತುಂಬಲು ಅಲ್ಲಿನ ವ್ಯವಸ್ಥಾಪಕರು ಅದೇ ಹೆಸರಿನ ನಕಲಿ ತಂಡಗಳನ್ನು ಕಟ್ಟಿ ಊರೂರು ಸುತ್ತಿಸಿದರು. ಅಂಥದೊಂದು ತಂಡದಲ್ಲಿ ನುಡಿಸಿದ ಟೆಕ್ಸಸ್‌ನ ಇಬ್ಬರು ಯುವಕರು, ಡಸ್ಟಿ ಹಿಲ್ ಮತ್ತು ಫ್ರ್ಯಾಂಕ್ ಬಿಯರ್ಡ್, ಮುಂದೆ ಜೀಜೀ ಟಾಪ್ ಬ್ಯಾಂಡಿನಲ್ಲಿ ತಮ್ಮದೇ ಹೆಸರು ಗಳಿಸಿದರು. 1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಮ್ಯಾನೇಜರೇ ಹೆಸರು ತನ್ನದೆಂದು ಸಾಧಿಸಿ, ಬೇರೆ ವಾದಕರನ್ನು ಅದೇ ಹೆಸರಿನಲ್ಲಿ ಅಮೆರಿಕ ಪ್ರವಾಸಕ್ಕೆ ಕಳಿಸಿದ. 1980ರಲ್ಲಿ ಡೀಪ್ ಪರ್ಪಲ್‌ನ ಮೊದಲ ಗಾಯಕ ರಾಡ್ ಇವಾನ್ಸ್ ಅಪರಿಚಿತ ವಾದಕರನ್ನು ಕೂಡಿಸಿಕೊಂಡು ಡೀಪ್ ಪರ್ಪಲ್ ಎಂದೇ ಹಾಡಲು ಹೊರಟ. ಪ್ರಕರಣ ಕೋರ್ಟಿಗೆ ಹೋಗಿ 6,72,000 ಡಾಲರ್ ಪರಿಹಾರದ ಆದೇಶವಾಯಿತು. ಹಳೆಯ ರೆಕಾರ್ಡುಗಳಿಂದ ಇವಾನ್ಸ್‌ಗೆ ಬರುತ್ತಿದ್ದ ಗೌರವಧನವೂ ಹೋಯಿತು. ನಕಲಿಗೂ ಟಿಕೆಟ್ ಕೊಳ್ಳುವವರಿದ್ದಾರೆ ಎಂದಾದ ಮೇಲೆ ಅಸಲಿಗೆ ಎಷ್ಟು ಬೆಲೆ ಬಂದೀತು ಎಂದು ಲೆಕ್ಕ ಹಾಕುವುದು ಕಷ್ಟವಾಗಿರಲಿಲ್ಲ. 1984ರಲ್ಲಿ ಬ್ಲ್ಯಾಕ್‌ಮೋರ್, ಗಿಲ್ಲನ್, ಗ್ಲೋವರ್, ಲಾರ್ಡ್, ಪೇಸ್ ಐವರೂ ಕೂಡಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಆಲ್ಬಮ್ ತಂದು ಪ್ರವಾಸ ಹೊರಟರು.

ಇಡೀ 1970ರ ದಶಕದಲ್ಲಿ ಜನ ಕಾದದ್ದು ಬೀಟಲ್ಸ್‌ಗಾಗಿ. ಟಿಕೆಟ್ ಇಟ್ಟು ಅವರು ಕೊಟ್ಟ ಕೊನೆಯ ಕಾರ್ಯಕ್ರಮ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದಿತ್ತು. ಬ್ಯಾಂಡು ಮುರಿದದ್ದು 1970ರಲ್ಲಿ. 1976ರಲ್ಲಿ ಬಿಲ್ ಸಾರ್ಜೆಂಟ್ ಎಂಬ ಅಮೆರಿಕನ್ ವ್ಯವಸ್ಥಾಪಕ ಒಂದೇ ಒಂದು ಕಾರ್ಯಕ್ರಮಕ್ಕೆ 5 ಕೋಟಿ ಡಾಲರ್ ಕೊಡುವುದಾಗಿ ಸಾರಿದ. ಈ ಹುಚ್ಚನ್ನು ಅಣಕಿಸಲು ಅದೇ ವರ್ಷದ ಏಪ್ರಿಲ್‌ನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ನಿರ್ಮಾಪಕ ಲಾರ್ನ್ ಮೈಕಲ್ಸ್ ಕ್ಯಾಮೆರಾ ಮುಂದೆ ಕೂತು, ನಾಲ್ವರೂ ಬಂದು ಮೂರು ಹಾಡು ಹಾಡಿದರೆ 3,000 ಡಾಲರ್ ಕೊಡುತ್ತೇನೆಂದು ಗಂಭೀರ ಮುಖದಿಂದ ಘೋಷಿಸಿದ. ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ ಆಗ ನ್ಯೂಯಾರ್ಕಿನಲ್ಲಿ, ಆ ಸ್ಟುಡಿಯೋಗೆ ದೂರವೇನಲ್ಲದ ಲೆನನ್ ಮನೆಯಲ್ಲಿ ಜೊತೆಯಾಗಿಯೇ ಟಿವಿ ನೋಡುತ್ತಿದ್ದರು. ಟ್ಯಾಕ್ಸಿ ಹಿಡಿದು ಹೋಗಿಬಿಡೋಣವೇ ಎಂದುಕೊಂಡು ದಣಿವೆಂದು ಸುಮ್ಮನಾದದ್ದನ್ನು ಲೆನನ್ ಮುಂದೆ ಹೇಳಿಕೊಂಡ. 1980ರ ಡಿಸೆಂಬರ್ 8ರಂದು ಲೆನನ್ ಕೊಲೆಯಾಗುವುದರೊಂದಿಗೆ ಆ ದಾರಿ ಮುಚ್ಚಿತು.

ನಂತರದ ದಶಕದಲ್ಲಿ ಮುರಿದವರನ್ನು ಒಂದೆಡೆ ಸೇರಿಸಿದ್ದು ದುಡ್ಡಿಗಿಂತ ಹೆಚ್ಚಾಗಿ ಯಾವುದಾದರೊಂದು ಸಂದರ್ಭ. 1981ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು ಐದು ಲಕ್ಷ ಜನರ ಮುಂದೆ ಪುಕ್ಕಟೆಯಾಗಿ ಹಾಡಿದರು. 1973ರಲ್ಲಿ ವೇದಿಕೆಯ ಮೇಲೆಯೇ ಜಗಳವಾಡಿ ಬೇರೆಯಾಗಿದ್ದ ಎವರ್ಲಿ ಸಹೋದರರು ಹತ್ತು ವರ್ಷದ ಮೇಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜೊತೆಗೂಡಿದರು. 1985ರ ಜುಲೈ 13ರಂದು ಇಥಿಯೋಪಿಯಾದ ಬರ ಪರಿಹಾರಕ್ಕಾಗಿ ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಏಕಕಾಲಕ್ಕೆ ನಡೆದ ‘ಲೈವ್ ಏಡ್’ನಲ್ಲಿ ದಿ ಹೂ, ಬ್ಲ್ಯಾಕ್ ಸ್ಯಾಬತ್, ಲೆಡ್ ಜೆಪ್ಪೆಲಿನ್ ಮೂರೂ ಮರಳಿ ಕಾಣಿಸಿಕೊಂಡವು. ಜೆಪ್ಪೆಲಿನ್‌ನದು ಎಡವಟ್ಟಿನ ಪುನರಾಗಮನ. ಡ್ರಮ್ಸ್‌ಗೆ ಕೂತ ಇಬ್ಬರಲ್ಲಿ ಒಬ್ಬನಾದ ಫಿಲ್ ಕಾಲಿನ್ಸ್ ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹಿಡಿದು ಬಂದಿದ್ದ; ತಾಲೀಮಿಗೆ ಸಮಯವಿರಲಿಲ್ಲ. ವಾದಕ ಪೇಜ್‌ನ ಗಿಟಾರ್ ಶ್ರುತಿಯಲ್ಲಿರಲಿಲ್ಲ, ಗಾಯಕ ಪ್ಲಾಂಟ್‌ನ ಗಂಟಲು ಕಟ್ಟಿತ್ತು. 2004ರಲ್ಲಿ ಲೈವ್ ಏಡ್‌ನ ಡಿವಿಡಿ ಬಂದಾಗ ಬ್ಯಾಂಡು ತನ್ನ ಭಾಗವನ್ನು ಸೇರಿಸಲು ಒಪ್ಪಲೇ ಇಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಆರಂಭವಾಯಿತು. ಮೊದಲ ರೆಕಾರ್ಡು ಬಂದು 25 ವರ್ಷವಾದವರಿಗೆ ಅರ್ಹತೆ. ಬೆನ್ನು ತಿರುಗಿಸಿಕೊಂಡವರು ಒಂದು ಸಂಜೆಯ ಮಟ್ಟಿಗೆ ಸಭ್ಯವಾಗಿ ಒಂದೆಡೆ ನಿಲ್ಲಲು ಈ ಸಮಾರಂಭ ನೆಪವಾಯಿತು. 1968ರ ನವೆಂಬರ್ 26ರಂದು ಆಲ್ಬರ್ಟ್ ಹಾಲ್‌ನಲ್ಲಿ ವಿದಾಯ ಹೇಳಿದ್ದ ಕ್ರೀಮ್‌ನ ಕ್ಲಾಪ್ಟನ್, ಬ್ರೂಸ್, ಬೇಕರ್ ಮೂವರೂ ಅಲ್ಲಿಂದೀಚೆಗೆ ಮೊದಲ ಸಲ ಜನರೆದುರು ಜೊತೆಯಾಗಿ ನುಡಿಸಿದ್ದು 1993ರಲ್ಲಿ ಇಂಥ ಸಮಾರಂಭದಲ್ಲಿ. 2005ರಲ್ಲಿ ಅದೇ ಆಲ್ಬರ್ಟ್ ಹಾಲ್‌ನಲ್ಲಿ ಅವರು ನಾಲ್ಕು ರಾತ್ರಿ ಹಾಡಿದರು. ಟಾಕಿಂಗ್ ಹೆಡ್ಸ್ ಮಾತ್ರ 2002ರ ಸಮಾರಂಭದ ಕೆಲವು ಹಾಡುಗಳಿಗೇ ನಿಂತಿತು.

ಮರುಕೂಟವನ್ನು ಪೂರ್ಣ ಪ್ರಮಾಣದ ವ್ಯಾಪಾರವಾಗಿಸಿದ್ದು ಈಗಲ್ಸ್. 1980ರ ಜುಲೈ 31ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಸೆನೆಟರ್ ಒಬ್ಬರ ಸಹಾಯಾರ್ಥ ನಡೆದ ಕಾರ್ಯಕ್ರಮದಲ್ಲಿ ಗ್ಲೆನ್ ಫ್ರೇ ಮತ್ತು ಗಿಟಾರ್ ವಾದಕ ಡಾನ್ ಫೆಲ್ಡರ್ ಹಾಡುಗಳ ನಡುವೆ ಮೈಕಿನಿಂದ ಮುಖ ತಿರುಗಿಸಿ, ಇನ್ನೆಷ್ಟು ಹಾಡು ಮುಗಿದರೆ ಕೈ ಕೈ ಮಿಲಾಯಿಸಬಹುದು ಎಂದು ಎಣಿಸುತ್ತ ಒಬ್ಬರಿಗೊಬ್ಬರು ಧಮಕಿ ಹಾಕಿಕೊಂಡರು. ಕೇಳುಗರಿಗೆ ಕೇಳಿಸಿದ್ದು ಒಲವಿನ ಹಾಡುಗಳು. ಕರಾರಿನಂತೆ ಕೊಡಬೇಕಿದ್ದ ಲೈವ್ ಆಲ್ಬಮ್ಮನ್ನು ಮುಗಿಸುವಾಗ ಫ್ರೇ ಲಾಸ್ ಏಂಜಲೀಸ್‌ನಲ್ಲಿ, ಉಳಿದವರು ಮಯಾಮಿಯಲ್ಲಿ ಕೂತಿದ್ದರು. ಕಂಠಗಳ ತಿದ್ದುಪಡಿಯ ಟೇಪುಗಳು ದೇಶದ ಒಂದು ತುದಿಯಿಂದ ಇನ್ನೊಂದಕ್ಕೆ ಕೊರಿಯರಿನಲ್ಲಿ ಓಡಾಡಿದವು. ಮತ್ತೆ ಕೂಡುವುದು ಯಾವಾಗ ಎಂದು ಕೇಳಿದವರಿಗೆ ಬ್ಯಾಂಡಿನ ಡಾನ್ ಹೆನ್ಲಿ ನರಕ ಹೆಪ್ಪುಗಟ್ಟಿದಾಗ ಎಂದಿದ್ದ. 1994ರ ಏಪ್ರಿಲ್‌ನಲ್ಲಿ ಎಂಟಿವಿಗಾಗಿ ಅವರು ಕೂಡಿದಾಗ ಆ ಮಾತನ್ನೇ ಆಲ್ಬಮ್ಮಿಗೂ ಪ್ರವಾಸಕ್ಕೂ ಹೆಸರಾಗಿ ಇಟ್ಟರು.

ಆ ಪ್ರವಾಸದಲ್ಲಿ ಒಳ್ಳೆಯ ಆಸನಗಳ ಟಿಕೆಟ್ ದರ 100 ಡಾಲರ್ ದಾಟಿತು. ರಾಕ್ ಕಾರ್ಯಕ್ರಮಕ್ಕೆ ಅದುವರೆಗೆ ಯಾರೂ ಕೇಳಿರದ ಬೆಲೆ ಅದು. ಟೀಕೆ ಬಂತು, ಟಿಕೆಟ್ ಉಳಿಯಲಿಲ್ಲ. ಹದಿನಾಲ್ಕು ವರ್ಷದ ಗೈರುಹಾಜರಿ ಬ್ಯಾಂಡಿನ ಬೆಲೆಯನ್ನು ಇಳಿಸುವ ಬದಲು ಏರಿಸಿತ್ತು. ಹಿಸ್ಸೆಯ ಪ್ರಶ್ನೆಯೂ ಇಲ್ಲಿ ಹೊಸ ರೀತಿಯಲ್ಲಿ ಬಗೆಹರಿಯಿತು: ಹಳೆಯ ಸಮಪಾಲು ಹೋಗಿ ಹೆನ್ಲಿ ಮತ್ತು ಫ್ರೇಗೆ ದೊಡ್ಡ ಪಾಲು ಬಂತು. ಫೆಲ್ಡರ್ ಒಪ್ಪಿ ಸಹಿ ಹಾಕಿದರೂ ತಕರಾರು ಬಿಡಲಿಲ್ಲ. 2001ರಲ್ಲಿ ಅವನನ್ನು ಹೊರಹಾಕಲಾಯಿತು, ಮೊಕದ್ದಮೆ ವರ್ಷಗಟ್ಟಲೆ ನಡೆದು 2007ರಲ್ಲಿ ರಾಜಿಯಾಯಿತು.

1996 ಈ ಇತಿಹಾಸದಲ್ಲಿ ವಿಚಿತ್ರವಾದ ವರ್ಷ. ದುಡ್ಡಿನ ಲೋಕವನ್ನೇ ಹಳಿಯುತ್ತ ಬಂದು 1978ರಲ್ಲಿ ಮುರಿದುಬಿದ್ದ ಸೆಕ್ಸ್ ಪಿಸ್ಟಲ್ಸ್ ಆ ವರ್ಷ ಮತ್ತೆ ಕೂಡಿದರು. ಪ್ರವಾಸಕ್ಕೆ ‘ಫಿಲ್ದಿ ಲೂಕರ್’, ಅಂದರೆ ಹೊಲಸು ದುಡ್ಡು, ಎಂದೇ ಹೆಸರಿಟ್ಟು, ಬಂದಿರುವುದು ದುಡ್ಡಿಗಾಗಿ ಎಂದು ಬಾಯಿಬಿಟ್ಟು ಹೇಳಿದರು. ಈ ಕಸುಬಿನಲ್ಲಿ ಇಷ್ಟು ನೇರವಾಗಿ ಮಾತಾಡಿದವರು ಕಡಿಮೆ. ಅದೇ ವರ್ಷ ಕಿಸ್ ಬ್ಯಾಂಡಿನ ಮೂಲದ ನಾಲ್ವರು ಮುಖಕ್ಕೆ ಹಳೆಯ ಬಣ್ಣ ಬಳಿದುಕೊಂಡು ಕ್ರೀಡಾಂಗಣಗಳನ್ನು ತುಂಬಿಸಿದರು. ಡಿಸೆಂಬರ್‌ನಲ್ಲಿ ಲಂಡನ್ ಹೈಕೋರ್ಟಿನಲ್ಲಿ ಇನ್ನೊಂದು ಬಗೆಯ ತೀರ್ಮಾನವಾಯಿತು. ಮ್ಯಾಂಚೆಸ್ಟರಿನ ಸ್ಮಿತ್ಸ್ ಬ್ಯಾಂಡಿನಲ್ಲಿ ಹಾಡುಗಾರ ಮಾರಿಸ್ಸಿ ಮತ್ತು ಗಿಟಾರ್ ವಾದಕ ಜಾನಿ ಮಾರ್ ತಲಾ ಶೇ. 40 ತೆಗೆದುಕೊಂಡು ಉಳಿದಿಬ್ಬರಿಗೆ ತಲಾ ಶೇ. 10 ಕೊಟ್ಟಿದ್ದರು. ಹಾಗೆಂದು ಬರವಣಿಗೆಯಲ್ಲಿ ಒಪ್ಪಂದವೇನೂ ಇರಲಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರರೆಲ್ಲ ಸಮಾನರು ಎಂಬ 1890ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಡ್ರಮ್ಸ್ ವಾದಕ ಮೈಕ್ ಜಾಯ್ಸ್‌ಗೆ ಕಾಲು ಪಾಲು ದಕ್ಕಿತು. ತೀರ್ಪು ಮಾರಿಸ್ಸಿಗೆ ಅರಗಲಿಲ್ಲ, ಮೇಲ್ಮನವಿಯಲ್ಲೂ ಸೋತ. ಎಷ್ಟೇ ದೊಡ್ಡ ಮೊತ್ತದ ಮಾತು ಕೇಳಿಬಂದರೂ ಆ ನಾಲ್ವರು ಮತ್ತೆ ಕೂಡಲಿಲ್ಲ. ಬಾಸ್ ವಾದಕ ಆಂಡಿ ರೂರ್ಕ್ 2023ರಲ್ಲಿ ತೀರಿಕೊಂಡ.

1999ರಲ್ಲಿ ನ್ಯಾಪ್‌ಸ್ಟರ್ ಬಂದು ಹಾಡುಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಪುಕ್ಕಟೆ ಹರಿಯತೊಡಗಿದ ಮೇಲೆ ಸಿ.ಡಿ. ಮಾರಾಟ ಕುಸಿಯಿತು. ರೆಕಾರ್ಡು ಮಾರಲು ಪ್ರವಾಸ ಮಾಡುತ್ತಿದ್ದವರು ಈಗ ಪ್ರವಾಸದಿಂದಲೇ ಬದುಕಬೇಕಾಯಿತು. ಹಾಡು ಬರೆಯದ ಸದಸ್ಯರಿಗಂತೂ, ರಚನೆಕಾರರಿಗೆ ಸಿಗುವ ಗೌರವಧನದ ಆಸರೆ ಇಲ್ಲದ ಕಾರಣ, ವೇದಿಕೆಯೇ ವರಮಾನ. 2004ರಲ್ಲಿ ಪಿಕ್ಸೀಸ್, 2007ರಲ್ಲಿ ಪೊಲೀಸ್ ಮತ್ತೆ ಕೂಡಿದ್ದು ಈ ಹಿನ್ನೆಲೆಯಲ್ಲಿ. ಪೊಲೀಸ್‌ನ ಪ್ರವಾಸ ವ್ಯಾಂಕೂವರ್‌ನಲ್ಲಿ ಆರಂಭವಾಗಿ 2008ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 36 ಕೋಟಿ ಡಾಲರ್ ಗಳಿಸಿತು. ಎರಡನೆಯ ಕಾರ್ಯಕ್ರಮದ ಬೆನ್ನಲ್ಲೇ ಡ್ರಮ್ಸ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್, ತಾವು ಮೂವರೂ ಎಲ್ಲೆಲ್ಲಿ ತಾಳ ತಪ್ಪಿದೆವು, ಯಾರು ಯಾವ ತಿರುವಿನಲ್ಲಿ ದಾರಿ ಬಿಟ್ಟರು ಎಂದು ತಾನೇ ಬರೆದು ಪ್ರಕಟಿಸಿದ. ವಿಮರ್ಶಕರಿಗೆ ಹೆಚ್ಚಿನ ಕೆಲಸ ಉಳಿಯಲಿಲ್ಲ.

ಪಿಂಕ್ ಫ್ಲಾಯ್ಡ್‌ನ ಹಿಸ್ಸೆ 1987ರ ಡಿಸೆಂಬರ್‌ನಲ್ಲಿ, ಡೇವಿಡ್ ಗಿಲ್ಮೋರ್‌ನ ದೋಣಿಮನೆ ‘ಅಸ್ಟೋರಿಯಾ’ದಲ್ಲಿ ಬಗೆಹರಿದಿತ್ತು. ಹೆಸರು ಗಿಲ್ಮೋರ್ ಮತ್ತು ನಿಕ್ ಮೇಸನ್ ಕಡೆಗೆ. ‘ದಿ ವಾಲ್’ ಕೃತಿಯ ಹಕ್ಕು ಮತ್ತು ಕಾರ್ಯಕ್ರಮಗಳಲ್ಲಿ ಗಾಳಿ ತುಂಬಿ ಹಾರಿಸುವ ಹಂದಿ ರೋಜರ್ ವಾಟರ್ಸ್ ಕಡೆಗೆ. 2005ರ ಜುಲೈ 2ರಂದು ಸಂಘಟಕ ಬಾಬ್ ಗೆಲ್ಡಾಫ್‌ನ ಒತ್ತಾಯಕ್ಕೆ ಮಣಿದು ‘ಲೈವ್ 8’ಕ್ಕಾಗಿ ಹೈಡ್ ಪಾರ್ಕಿನಲ್ಲಿ ನಾಲ್ವರೂ 24 ವರ್ಷಗಳ ನಂತರ ಜೊತೆಯಾದರು. ಅರ್ಧ ಗಂಟೆಯೂ ಇಲ್ಲದ ಆ ಕಾರ್ಯಕ್ರಮದ ನಂತರ ಪ್ರವಾಸಕ್ಕೆಂದು ಬಂದ ಕೋಟಿಗಟ್ಟಲೆ ಹಣದ ಕರೆಯನ್ನು ಗಿಲ್ಮೋರ್ ಒಪ್ಪಲಿಲ್ಲ. 2008ರಲ್ಲಿ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ತೀರಿಕೊಂಡ.

ಈ ರೂಢಿಯ ಅತಿ ಎತ್ತರದ ರಾತ್ರಿ ಯಾವುದೆಂದರೆ 2007ರ ಡಿಸೆಂಬರ್ 10. ಲೆಡ್ ಜೆಪ್ಪೆಲಿನ್‌ನ ಡ್ರಮ್ಸ್ ವಾದಕ ಜಾನ್ ಬಾನಮ್ 1980ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಉಳಿದ ಮೂವರು ಬ್ಯಾಂಡನ್ನು ಮುಂದುವರಿಸುವುದಿಲ್ಲವೆಂದು ಹೇಳಿ ಮುಚ್ಚಿದ್ದರು. ಅವರ ರೆಕಾರ್ಡುಗಳನ್ನು ತಂದ ಅಟ್ಲಾಂಟಿಕ್ ಕಂಪನಿಯ ಅಹ್ಮೆತ್ ಎರ್ಟೆಗುನ್ ನೆನಪಿನಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಒಂದೇ ಒಂದು ಕಾರ್ಯಕ್ರಮ ಎಂದು ಘೋಷಣೆಯಾದಾಗ ಬಂದ ಅರ್ಜಿಗಳು ಸುಮಾರು ಎರಡು ಕೋಟಿ. ಒಳಗೆ ಹಿಡಿಸುವ ಜನ ಇಪ್ಪತ್ತು ಸಾವಿರದೊಳಗೆ. ಟಿಕೆಟ್ ದರ 125 ಪೌಂಡ್; ಹಂಚಿದ್ದು ಲಾಟರಿ ಎತ್ತಿ. ಕಾಳಸಂತೆ ತಡೆಯಲು ಟಿಕೆಟ್ಟನ್ನು ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ: ದುಡ್ಡು ಕಟ್ಟಿದ ಕಾರ್ಡು ಮತ್ತು ಫೋಟೋ ಇರುವ ಗುರುತಿನ ಚೀಟಿ ತೋರಿಸಿ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡವರಿಗೇ ಪ್ರವೇಶ. ದಾನದ ಹರಾಜೊಂದರಲ್ಲಿ ಒಬ್ಬ ಅಭಿಮಾನಿ ಎರಡು ಟಿಕೆಟ್ಟಿಗೆ 83,000 ಪೌಂಡ್ ಕೊಟ್ಟ. ನವೆಂಬರ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ಪೇಜ್‌ನ ಬೆರಳಿನ ಮೂಳೆ ಬಿರುಕುಬಿಟ್ಟು ಡಿಸೆಂಬರ್‌ಗೆ ಹೋಗಿತ್ತು.

ಲೈವ್ ಏಡ್‌ನ ತಪ್ಪನ್ನು ಈ ಸಲ ಮಾಡಲಿಲ್ಲ. ತಾಲೀಮು ತಿಂಗಳುಗಳ ಮೊದಲೇ ಶುರುವಾಯಿತು. ಐವತ್ತೊಂಬತ್ತರ ಪ್ಲಾಂಟ್‌ನ ಕಂಠಕ್ಕೆ ಹೊಂದುವಂತೆ ಕೆಲವು ಹಾಡುಗಳ ಶ್ರುತಿಯನ್ನು ಇಳಿಸಲಾಯಿತು. ಡ್ರಮ್ಸ್‌ಗೆ ಕೂತದ್ದು ಜಾನ್ ಬಾನಮ್‌ನ ಮಗ ಜೇಸನ್. ಆ ಪೀಠದ ಪ್ರಶ್ನೆಗೆ ಇದಕ್ಕಿಂತ ಸಹಜವಾದ ಉತ್ತರ ಬೇರಾವ ಬ್ಯಾಂಡಿಗೂ ಸಿಕ್ಕಿಲ್ಲ. 1969ರ ಮೊದಲ ಆಲ್ಬಮ್ಮಿನ ಮೊದಲ ಹಾಡಿನಿಂದಲೇ ಆರಂಭಿಸಿ ಎರಡು ತಾಸಿಗೂ ಮೀರಿ ನುಡಿಸಿದರು. ಪೇಜ್, ಬಾಸ್ ವಾದಕ ಜೋನ್ಸ್ ಮತ್ತು ಜೇಸನ್ ಪ್ರವಾಸಕ್ಕೂ ಸಿದ್ಧರಿದ್ದರು. ಪ್ಲಾಂಟ್ ಮಾತ್ರ ಗಾಯಕಿ ಆಲಿಸನ್ ಕ್ರಾಸ್ ಜೊತೆಗೆ ಆಗಷ್ಟೇ ‘ರೇಜಿಂಗ್ ಸ್ಯಾಂಡ್’ ಎಂಬ ಆಲ್ಬಮ್ ತಂದಿದ್ದ. ಅವಳೊಂದಿಗೇ ಪ್ರವಾಸ ಹೊರಟ. 2009ರಲ್ಲಿ ಆ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಓ2 ರಾತ್ರಿಯ ಚಿತ್ರ ‘ಸೆಲಬ್ರೇಷನ್ ಡೇ’ 2012ರಲ್ಲಿ ಬಿಡುಗಡೆಯಾಯಿತು.

ಬೆಂಗಳೂರಿನ ರಾಕ್ ಕೇಳುಗರಿಗೆ ಈ ಬ್ಯಾಂಡುಗಳು ದಕ್ಕಿದ್ದು ಹೆಚ್ಚಾಗಿ ಬಿಡಿಬಿಡಿಯಾಗಿ. 2002ರಲ್ಲಿ ಅರಮನೆ ಮೈದಾನದಲ್ಲಿ ರೋಜರ್ ವಾಟರ್ಸ್ ಫ್ಲಾಯ್ಡ್‌ನ ಹಾಡುಗಳನ್ನು ಹಾಡಿದಾಗ ಗಿಲ್ಮೋರ್ ಇರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್ ಎಂಬ ಹೆಸರಿನಲ್ಲಿ ಬಂದ ತಂಡದಲ್ಲಿ ಗಾಯಕ ಆಕ್ಸಲ್ ರೋಸ್ ಇದ್ದ, ಗಿಟಾರ್ ವಾದಕ ಸ್ಲ್ಯಾಶ್ ಇರಲಿಲ್ಲ. ಇಡಿಯಾಗಿ ಬಂದದ್ದು ಐರನ್ ಮೇಡನ್: 1993ರಲ್ಲಿ ಹೊರನಡೆದು 1999ರಲ್ಲಿ ಮರಳಿದ ಗಾಯಕ ಬ್ರೂಸ್ ಡಿಕಿನ್ಸನ್‌ನೊಂದಿಗೆ 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಆ ಬ್ಯಾಂಡು ಭಾರತದ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ದೇಶದೊಳಗೂ ಈ ರೂಢಿ ಕಾಲಿಟ್ಟಿದೆ. 1984ರಲ್ಲಿ ಮುಂಬೈಯಲ್ಲಿ ರಾಕ್ ಮಷೀನ್ ಎಂಬ ಹೆಸರಿನಲ್ಲಿ ಹುಟ್ಟಿದ ಇಂಡಸ್ ಕ್ರೀಡ್ 1997ರಲ್ಲಿ ಮುರಿದು 2010ರಲ್ಲಿ ಮತ್ತೆ ಕೂಡಿತು.

ಗನ್ಸ್ ಎನ್ ರೋಸಸ್‌ನಲ್ಲಿ ಹೆಸರಿನ ಹಕ್ಕು ಆಕ್ಸಲ್ ಬಳಿಯೇ ಉಳಿದಿದ್ದರಿಂದ ಮರುಕೂಟದ ಬಾಗಿಲ ಬೀಗದ ಕೈಯೂ ಅವನ ಬಳಿಯೇ ಇತ್ತು. ಈ ಜನ್ಮದಲ್ಲಿ ಆಗದು ಎಂದು 2012ರಲ್ಲಿ ಹೇಳಿದ್ದವನು 2016ರ ಏಪ್ರಿಲ್ 1ರಂದು ಸ್ಲ್ಯಾಶ್ ಮತ್ತು ಡಫ್ ಮೆಕೇಗನ್ ಜೊತೆ ಲಾಸ್ ಏಂಜಲೀಸ್‌ನ ಪುಟ್ಟ ಟ್ರೂಬಡೋರ್ ಕ್ಲಬ್ಬಿನಲ್ಲಿ ಹಾಡಿದ. ಅಲ್ಲೇ ಕಾಲಿನ ಮೂಳೆ ಮುರಿದುಕೊಂಡು, ಮುಂದಿನ ಕೆಲವು ಕಾರ್ಯಕ್ರಮಗಳನ್ನು ಡೇವ್ ಗ್ರೋಲ್‌ನಿಂದ ಎರವಲು ಪಡೆದ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ನಡೆಸಿದ. ಈಗಲ್ಸ್‌ನಂತೆ ಇವರೂ ಆಡಿದ ಮಾತನ್ನೇ ಪ್ರವಾಸದ ಹೆಸರಾಗಿಸಿದರು. 2019ರವರೆಗೆ ನಡೆದ ಅದರ ಗಳಿಕೆ 58 ಕೋಟಿ ಡಾಲರ್ ದಾಟಿತು. ಸ್ಲ್ಯಾಶ್ ಸಮೇತ ಬ್ಯಾಂಡು ಮುಂಬೈಗೆ ಬಂದದ್ದು 2025ರ ಮೇ ತಿಂಗಳಲ್ಲಿ.

ಒಯಾಸಿಸ್‌ನ ನೋಯೆಲ್ ಮತ್ತು ಲಿಯಾಮ್ ಗ್ಯಾಲಗರ್ ಒಡಹುಟ್ಟಿದವರು. 2009ರ ಆಗಸ್ಟ್ 28ರಂದು ಪ್ಯಾರಿಸ್ಸಿನ ಉತ್ಸವವೊಂದರಲ್ಲಿ ವೇದಿಕೆ ಹತ್ತುವ ಮುನ್ನವೇ ಜಗಳವಾಗಿ, ಗಿಟಾರೊಂದು ಒಡೆದು, ನೋಯೆಲ್ ಬ್ಯಾಂಡು ಬಿಟ್ಟ. ಹದಿನೈದು ವರ್ಷ ಇಬ್ಬರೂ ಪತ್ರಿಕೆಗಳಲ್ಲಿ, ಟ್ವಿಟ್ಟರಿನಲ್ಲಿ ಬೈದುಕೊಂಡರು. 2024ರ ಆಗಸ್ಟ್ 27ರಂದು ಮರುಕೂಟದ ಘೋಷಣೆಯಾಗಿ, ಅದೇ ತಿಂಗಳ 31ರಂದು ಟಿಕೆಟ್ ಮಾರಾಟ ತೆರೆದಾಗ ಒಂದು ಕೋಟಿಗೂ ಹೆಚ್ಚು ಜನ ಆನ್‌ಲೈನ್ ಸರದಿಯಲ್ಲಿ ನಿಂತರು. 1996ರಲ್ಲಿ ನೆಬ್‌ವರ್ತ್‌ನಲ್ಲಿ ಎರಡು ದಿನ ಎರಡೂವರೆ ಲಕ್ಷ ಜನರೆದುರು ಹಾಡಿದ್ದಾಗ ಟಿಕೆಟ್ಟಿಗೆ 22.50 ಪೌಂಡ್ ಇತ್ತು. ಈಗ ನಿಂತು ನೋಡುವ ಟಿಕೆಟ್ಟೇ 150 ಪೌಂಡ್ ಆಸುಪಾಸಿನಲ್ಲಿತ್ತು. ಗಂಟೆಗಟ್ಟಲೆ ಕಾದು ಸರದಿಯ ತುದಿ ಮುಟ್ಟಿದ ಹಲವರಿಗೆ ಪರದೆಯ ಮೇಲೆ ಕಂಡದ್ದು 355 ಪೌಂಡ್. ದೂರುಗಳು ಸರ್ಕಾರದ ತನಕ ಹೋದವು. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ನಡೆಸಿ, ಬೆಲೆಯನ್ನು ಕ್ಷಣಕ್ಷಣಕ್ಕೆ ಯಂತ್ರ ಏರಿಸಿದ್ದಕ್ಕೆ ಪುರಾವೆ ಇಲ್ಲ, ಒಂದೇ ಬಗೆಯ ಟಿಕೆಟ್ಟನ್ನು ಎರಡು ದರದಲ್ಲಿ ಮಾರಿದ್ದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಕಂಡುಕೊಂಡಿತು. ಇಂಥ ದರ ವ್ಯವಸ್ಥೆ ಇದ್ದರೆ ಮಾರಾಟಕ್ಕೆ 24 ಗಂಟೆ ಮೊದಲೇ ಹೇಳುವುದಾಗಿ ಟಿಕೆಟ್‌ಮಾಸ್ಟರ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಳಿಕೆ ಕೊಟ್ಟಿತು. ಅಷ್ಟರಲ್ಲಿ ಪ್ರವಾಸ ಬಹುಪಾಲು ಮುಗಿದಿತ್ತು. ಜುಲೈ 4ರಂದು ಕಾರ್ಡಿಫ್‌ನಲ್ಲಿ ಆರಂಭವಾದ 41 ಕಾರ್ಯಕ್ರಮಗಳು ನವೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಕೊನೆಗೊಂಡವು.

ಒಯಾಸಿಸ್ ಕಾರ್ಡಿಫ್‌ನಲ್ಲಿ ಎರಡನೆಯ ರಾತ್ರಿ ಹಾಡಿದ ಜುಲೈ 5ರಂದೇ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸ್ಯಾಬತ್‌ನ ಮೂಲದ ನಾಲ್ವರು ಇಪ್ಪತ್ತು ವರ್ಷಗಳ ನಂತರ ಕೂಡಿದರು. ಡ್ರಮ್ಸ್ ವಾದಕ ಬಿಲ್ ವಾರ್ಡ್ 2012ರಲ್ಲಿ ಕರಾರು ಸಹಿ ಹಾಕುವಂಥದಲ್ಲವೆಂದು ದೂರ ಉಳಿದದ್ದರಿಂದ, ವಿದಾಯ ಪ್ರವಾಸ 2017ರಲ್ಲಿ ಅವನಿಲ್ಲದೆಯೇ ಮುಗಿದಿತ್ತು. ಈ ಸಲ ಅವನಿದ್ದ. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾರದ ಗಾಯಕ ಆಜಿ ಆಜ್‌ಬರ್ನ್ ಕುರ್ಚಿಯಲ್ಲಿ ಕೂತು ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಅಕ್ಟೋಬರ್‌ನಲ್ಲಿ ಕೆನಡಾದ ರಶ್ ಬ್ಯಾಂಡಿನ ಗೆಡ್ಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್ 2026ರ ಪ್ರವಾಸವನ್ನು ಘೋಷಿಸಿದರು. 2020ರಲ್ಲಿ ತೀರಿಹೋದ ನೀಲ್ ಪಿಯರ್ಟ್‌ನ ಜಾಗಕ್ಕೆ, ಅಂದರೆ ಡ್ರಮ್ಸ್‌ಗೆ, ಜರ್ಮನಿಯ ವಾದಕಿ ಅನಿಕಾ ನಿಲ್ಲೆಸ್ ಅವರನ್ನು ಆರಿಸಿಕೊಂಡರು.